ಸೇತುವೆಯ ಬಳಿ ಬಲಕ್ಕೆ ತಿರುಗಿ
ಮಂಗಳೂರಿನಿಂದ ಕಾರವಾರದವರೆಗೆ ಒಂದು ಪಯಣ

ಮಂಗಳೂರಿನಲ್ಲಿ ಬೆಳಗಿನ ಉಪಾಹಾರ ಮುಗಿಸಿ ಮೋಟಾರು ಹತ್ತಿದವರು ಮಧ್ಯಾಹ್ನದ ಊಟದ ಹೊತ್ತಿಗೆ ಕಾರವಾರ ಸೇರುವುದು ಈಗ ಸೋಜಿಗವೇನಲ್ಲ. ಸುಮಾರು 270 ಕಿಲೋಮೀಟರುಗಳ ದಾರಿ. 2010ರವರೆಗೆ 17ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿದ್ದ ಈ ರಸ್ತೆಗೆ ಈಗ 66ರ ಅಂಕೆ. ಅಂಕೆಯೊಡನೆ ಅದರ ಅಗಲವೂ ಬೆಳೆದಿದೆ, ವೇಗವೂ ಬೆಳೆದಿದೆ. ಎಡಕ್ಕೆ ಆಗಾಗ ಮಿಂಚಿ ಮರೆಯಾಗುವ ಅರಬ್ಬೀ ಸಮುದ್ರ, ಬಲಕ್ಕೆ ದೂರದಲ್ಲಿ ನೀಲಿಯಾಗಿ ನಿಂತ ಸಹ್ಯಾದ್ರಿ, ನಡುವೆ ತೆಂಗು, ಗದ್ದೆ, ಮುರಕಲ್ಲಿನ ಕೆಂಪು ದಿಣ್ಣೆಗಳು. ಇಷ್ಟನ್ನು ಕಂಡು, ಉಡುಪಿಯಲ್ಲಿ ಕೃಷ್ಣದರ್ಶನ, ಮುರುಡೇಶ್ವರದಲ್ಲಿ ಛಾಯಾಚಿತ್ರ, ಗೋಕರ್ಣದಲ್ಲಿ ಸಮುದ್ರಸ್ನಾನ ಮುಗಿಸಿಕೊಂಡು, “ಕರಾವಳಿಯನ್ನೆಲ್ಲ ನೋಡಿ ಬಂದೆವು” ಎನ್ನುವ ಸಂಸಾರಗಳು ಅನೇಕ.

ಅವರ ಮಾತು ಸುಳ್ಳಲ್ಲ. ಆದರೆ ಈ ನೆಲಕ್ಕೆ ದೇಶಾಂತರಗಳಲ್ಲಿ ಹೆಸರು ತಂದುಕೊಟ್ಟ ಊರುಗಳಲ್ಲಿ ಹೆಚ್ಚಿನವು ಅವರ ಕಣ್ಣಿಗೆ ಬಿದ್ದಿರಲಾರವು. ಬಾರಕೂರು, ಬಸರೂರು, ಗೇರುಸೊಪ್ಪೆ ಇವೆಲ್ಲ ಒಂದು ಕಾಲಕ್ಕೆ ಪರದೇಶದ ವರ್ತಕರ ನಾಲಗೆಯ ಮೇಲೆ ಹೊರಳಾಡಿದ ಹೆಸರುಗಳು. ಇವುಗಳಲ್ಲಿ ಒಂದೂ ಹೆದ್ದಾರಿಯ ಮೇಲಿಲ್ಲ. ಸೇತುವೆ ಬಂದಾಗ ವೇಗ ತಗ್ಗಿಸಿ, ಬಲಕ್ಕೆ ತಿರುಗಿ, ಹೊಳೆಯ ಜೊತೆಜೊತೆಯಲ್ಲೇ ಮೂಡಣ ದಿಕ್ಕಿಗೆ ಕೆಲವು ಮೈಲಿ ಹೋಗುವ ವ್ಯವಧಾನವುಳ್ಳವರಿಗೆ ಮಾತ್ರ ಅವು ಸಿಕ್ಕುತ್ತವೆ. ಕಳೆದ ನವೆಂಬರಿನಲ್ಲಿ ನಾವು ನಾಲ್ವರು, ಅಂದರೆ ನಾನು, ನನ್ನಾಕೆ, ಇಬ್ಬರು ಮಕ್ಕಳು, ಅರ್ಧ ದಿನದ ಈ ದಾರಿಗೆ ಮೂರು ದಿನಗಳನ್ನು ಮೀಸಲಿಟ್ಟು ಹೊರಟದ್ದು ಈ ಉದ್ದೇಶದಿಂದಲೇ.

ಹೊಳೆಯೇ ಹೆಬ್ಬಾಗಿಲು

ಕಡಲತೀರದ ಬಂದರುಗಳು ಕಡಲ ದಂಡೆಯಲ್ಲೇ ಇರಬೇಕಲ್ಲವೇ ಎಂದು ಓದುಗರು ಕೇಳಬಹುದು. ನಮ್ಮ ಪಡುವಣ ಕರಾವಳಿಯ ಸ್ವಭಾವ ಬೇರೆ. ಮಳೆಗಾಲ ಬಂತೆಂದರೆ ಸಮುದ್ರ ದೋಣಿಗಳಿಗೆ ಬಾಗಿಲು ಹಾಕಿಬಿಡುತ್ತದೆ. ತೆರೆದ ತೀರದಲ್ಲಿ ನಿಲ್ಲಿಸಿದ ಹಡಗಿಗೆ ಆ ತೆರೆಗಳ ಎದುರು ಉಳಿಗಾಲವಿಲ್ಲ. ಬೇಸಗೆಯಲ್ಲಾದರೆ ಕಡಲುಗಳ್ಳರ ಭಯ. ಆದುದರಿಂದ ಹಿಂದಿನವರು ಅಳಿವೆಯನ್ನು ಹೊಕ್ಕು, ಭರತದ ನೀರು ಎಲ್ಲಿಯವರೆಗೆ ಏರುವುದೋ ಅಲ್ಲಿಯವರೆಗೆ ಹೊಳೆಯೊಳಗೆ ಸಾಗಿ ಲಂಗರು ಹಾಕಿದರು. ಘಟ್ಟದ ಮೇಲಿನಿಂದ ಹೇರೆತ್ತುಗಳ ಬೆನ್ನೇರಿ ಮೆಣಸು, ಏಲಕ್ಕಿ, ಅಡಕೆ ಇಳಿದುಬರುತ್ತಿದ್ದುವು. ಕಡಲಿನಿಂದ ಕುದುರೆ, ತಾಮ್ರ, ಖರ್ಜೂರ ಏರಿಬರುತ್ತಿದ್ದುವು. ಎತ್ತೂ ದೋಣಿಯೂ ಸಂಧಿಸಿದ ಕಡೆ ಸಂತೆ ನೆರೆಯಿತು, ಸಂತೆಯ ಸುತ್ತ ಕೇರಿ ಬೆಳೆಯಿತು, ಕೇರಿಗೊಂದು ಗುಡಿಯೋ ಬಸದಿಯೋ ಮಸೀದಿಯೋ ಎದ್ದಿತು. ಊರನ್ನು ಸಾಕಿದ ಅದೇ ಹೊಳೆ ಪ್ರತಿ ಮಳೆಗಾಲದಲ್ಲಿಯೂ ಘಟ್ಟದ ಮಣ್ಣನ್ನು ತಂದು ಅಳಿವೆಯಲ್ಲಿ ಸುರಿಯುತ್ತಿತ್ತು. ಹೊಯಿಗೆಯ ದಿಬ್ಬ ಏರುತ್ತ ಹೋಯಿತು, ಹಡಗುಗಳ ಗಾತ್ರವೂ ಏರುತ್ತ ಹೋಯಿತು. ಒಂದು ದಿನ ಎರಡಕ್ಕೂ ಹೊಂದಾಣಿಕೆ ತಪ್ಪಿತು.

ಸೇತುವೆಗಳು ಬರುವ ಮುನ್ನ ಈ ದಾರಿಯ ಪ್ರಯಾಣವೆಂದರೆ ಕಡವಿನಿಂದ ಕಡವಿಗೆ ಪ್ರಯಾಣ. ಬಸ್ಸು ಹೊಳೆಯ ಈಚೆಯ ದಡದಲ್ಲಿ ನಿಲ್ಲುವುದು. ಜನರು ಗಂಟುಮೂಟೆ ಹೊತ್ತು ಇಳಿದು ದೋಣಿಯಲ್ಲಿ ದಾಟಿ, ಆಚೆಯ ದಡದಲ್ಲಿ ಕಾದಿರುವ ಮತ್ತೊಂದು ಬಸ್ಸನ್ನು ಹತ್ತುವರು. ಮೋಟಾರುಗಳನ್ನು ಜೋಡುದೋಣಿಗಳ ಮೇಲೆ ಹಲಗೆ ಹೊದಿಸಿದ ಜಂಗಲ್‌ಗಳಲ್ಲಿ ದಾಟಿಸುತ್ತಿದ್ದರು. ನೇತ್ರಾವತಿ, ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ, ವಾರಾಹಿ, ಚಕ್ರಾ, ಸೌಪರ್ಣಿಕಾ, ಶರಾಬಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ದೊಡ್ಡವನ್ನಷ್ಟೇ ಎಣಿಸಿದರೂ ಹದಿಮೂರು. ಆ ತಾಪತ್ರಯ ಮತ್ತೆ ಬೇಕೆಂದು ಯಾರೂ ಹೇಳರು. ಆದರೆ ದೋಣಿಗಾಗಿ ಕಾಯುವ ಅರ್ಧ ಗಂಟೆಯಲ್ಲಿ ಪ್ರಯಾಣಿಕನಿಗೆ ಒಂದು ಊರಿನ ಪರಿಚಯವಾಗುತ್ತಿತ್ತು. ಈಗ ಸೇತುವೆಯ ಮೇಲೆ ಒಂದು ಊರಿಗೆ ದೊರೆಯುವುದು ಅರ್ಧ ನಿಮಿಷ.

ಮಂಗಳೂರಿನ ಯೆಹೂದಿ ವರ್ತಕ

ಮಂಗಳೂರನ್ನು ಒಂದು ಬೆಳಗಿನಲ್ಲಿ ನೋಡಿ ಮುಗಿಸುತ್ತೇನೆಂದು ಹೊರಡುವುದು ಅವಿವೇಕ. ನಾವು ಎರಡೇ ಸ್ಥಳಗಳನ್ನು ಆರಿಸಿಕೊಂಡೆವು. ಮೊದಲನೆಯದು ಕದ್ರಿ. ಅಲ್ಲಿಯ ಮಂಜುನಾಥ ದೇವಾಲಯದಲ್ಲಿ ಅಳುಪ ದೊರೆ ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆ. ದಕ್ಷಿಣ ಭಾರತದ ಲೋಹಶಿಲ್ಪಗಳಲ್ಲಿ ಇಷ್ಟು ಗಂಭೀರವಾದದ್ದನ್ನು ನಾನು ಬಹಳ ಕಂಡಿಲ್ಲ.

ಕಂಚೆಂದಾಗ ನೆನಪಾಗುವುದು ಇಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ಇಟ್ಟಿದ್ದ ಒಬ್ಬ ಪರದೇಶಿ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಸಿಯ ದೇಶದಿಂದ ಬಂದ ಯೆಹೂದಿ. 1132ರ ಸುಮಾರಿನಿಂದ ಹದಿನೇಳು ವರ್ಷ ಮಲಬಾರು ತೀರದಲ್ಲಿ, ಬಹುಪಾಲು ಮಂಗಳೂರಿನಲ್ಲಿ, ನೆಲಸಿದ್ದನು. ಏಡನ್ನಿನ ಮಿತ್ರರು ಅವನಿಗೆ ಬರೆದ ಪತ್ರಗಳು ಕೈರೋ ನಗರದ ಯೆಹೂದಿ ಮಂದಿರದ ಕಾಗದದ ಕೋಣೆಯಲ್ಲಿ ಎಂಟು ನೂರು ವರ್ಷ ಬಿದ್ದಿದ್ದು ವಿದ್ವಾಂಸರ ಕೈಸೇರಿದುವು. ಇಲ್ಲಿಂದ ಮೆಣಸು, ಅಡಕೆ, ಕಬ್ಬಿಣ ಹೋಗುತ್ತಿದ್ದುವು. ಅಲ್ಲಿಂದ ತಾಮ್ರವೂ, ಅವನ ಮನೆಬಳಕೆಗೆಂದು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದವೂ ಬರುತ್ತಿದ್ದುವು. ಅವನ ಬಳಿ ಬೊಮ್ಮನೆಂಬ ತುಳುನಾಡಿನ ಆಳೊಬ್ಬನಿದ್ದನು. ವ್ಯಾಪಾರದ ಮೇಲೆ ಏಡನ್ನಿಗೆ ಹೋದ ಬೊಮ್ಮನು ಕುಡಿದು ಹೆಚ್ಚಿನ ಹಣಕ್ಕಾಗಿ ಪೀಡಿಸಿದನೆಂದು ಅಲ್ಲಿಯ ವರ್ತಕನು ದೂರು ಬರೆದಿದ್ದಾನೆ. ರಾಜರ ಶಾಸನಗಳಲ್ಲಿ ಸಿಕ್ಕದ ಒಬ್ಬ ಬಡವನ ಹೆಸರು ಈ ದೂರಿನ ದೆಸೆಯಿಂದ ಉಳಿಯಿತು! ಲೇಖಕ ಅಮಿತಾವ್ ಘೋಷ್ ಅವರು ಈ ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದು, 1992ರಲ್ಲಿ ಅವನ ಕಥೆಯನ್ನು ಲೋಕಕ್ಕೆ ಹೇಳಿದರು.

ನಾವು ನೋಡಿದ ಎರಡನೆಯ ಸ್ಥಳ ಹಳೆಯ ಬಂದರಿನ ದಕ್ಕೆ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡುವ ಅಳಿವೆಯ ಒಳಗಿರುವ ಈ ಬಂದರಿಗೆ ದೊಡ್ಡ ಹಡಗುಗಳು ಬರಲಾಗುತ್ತಿರಲಿಲ್ಲ. ಅವು ಹೊರಗೆ ನಿಲ್ಲುತ್ತಿದ್ದುವು, ಸಣ್ಣ ದೋಣಿಗಳು ಸರಕನ್ನು ಹೊರುತ್ತಿದ್ದುವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಗೂ, ಅದನ್ನು ನೋಡಿ ಹುಟ್ಟಿದ ಹತ್ತಾರು ಕಾರ್ಖಾನೆಗಳಿಗೂ ಮಣ್ಣು ಬಂದದ್ದು ಈ ಹೊಳೆಗಳ ದಂಡೆಯಿಂದ, ದೋಣಿಗಳಲ್ಲಿ. 1974ರಲ್ಲಿ ಪಣಂಬೂರಿನ ಹೊಸ ಬಂದರು ಕೆಲಸ ಆರಂಭಿಸಿದ ಮೇಲೆ ದೊಡ್ಡ ವ್ಯಾಪಾರವೆಲ್ಲ ಅತ್ತ ಸರಿಯಿತು. ಹಳೆಯ ದಕ್ಕೆಯಲ್ಲಿ ಈಗ ಮೀನುದೋಣಿಗಳ ಸಂಭ್ರಮ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳೂ ಇಲ್ಲಿಂದಲೇ ಹೊರಡುತ್ತವೆ.

ಹತ್ತು ಕೇರಿಗಳ ರಾಜಧಾನಿ

ಉಡುಪಿಯ ವಿಚಾರ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ. ಅಲ್ಲಿ ಊಟ ಮುಗಿಸಿ, ಸ್ವರ್ಣಾ ನದಿಯನ್ನು ದಾಟಿ, ಬ್ರಹ್ಮಾವರದಲ್ಲಿ ಬಲಕ್ಕೆ ತಿರುಗಿದೆವು. ಸುಮಾರು ಐದು ಕಿಲೋಮೀಟರ್ ಹೋದರೆ ಬಾರಕೂರು. ಊರು ಬಂತೆಂದು ತಿಳಿಸುವ ಗೋಪುರವಾಗಲಿ ಕೋಟೆಬಾಗಿಲಾಗಲಿ ಇಲ್ಲ. ಗದ್ದೆ, ತೋಟ, ಮತ್ತೆ ಗದ್ದೆ. ಗದ್ದೆಯ ಮಗ್ಗುಲಲ್ಲಿ ಒಂದು ಶಾಸನದ ಕಲ್ಲು ಕಂಡಾಗಲೇ ನಾವು ರಾಜಧಾನಿಯೊಳಗೆ ಬಂದಿದ್ದೇವೆಂದು ಅರಿವಾದದ್ದು.

ಅಳುಪರು ಇಲ್ಲಿಂದ ಆಳಿದರು. ವಿಜಯನಗರದ ಕಾಲದಲ್ಲಿ ‘ಬಾರಕೂರು ರಾಜ್ಯ’ವೆಂಬುದು ಸಾಮ್ರಾಜ್ಯದ ಒಂದು ದೊಡ್ಡ ಪ್ರಾಂತ, ಬಾರಕೂರಿನ ಗದ್ಯಾಣವೆಂಬ ಹೊನ್ನಿನ ನಾಣ್ಯ ಸುತ್ತಲಿನ ನಾಡಿನಲ್ಲೆಲ್ಲ ಚಲಾವಣೆಯಲ್ಲಿತ್ತು. ಪಟ್ಟಣವು ಹತ್ತು ಕೇರಿಗಳಾಗಿ ಹಂಚಿತ್ತೆಂದು ಹೇಳುತ್ತಾರೆ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಈಗಲೂ ಜನರ ಬಾಯಲ್ಲಿವೆ. ಪಂಚಲಿಂಗೇಶ್ವರನಿಗೆ ನಿತ್ಯಪೂಜೆ ನಡೆಯುತ್ತಿದೆ. ‘ಕತ್ತಲೆ ಬಸದಿ’ಯ ಆವರಣದಲ್ಲಿ ಪೂಜೆಯಿಲ್ಲ, ಇಳಿಜಾರು ಕಲ್ಲುಮಾಡಿನ ಕೆಳಗೆ ತಂಪಾದ ಕತ್ತಲೆ, ಹೊರಗೆ ಹುಲ್ಲು.

1342ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತನು ಈ ಊರನ್ನು ‘ಫಾಕನೂರ್’ ಎಂದು ಕರೆಯುತ್ತಾನೆ. ಅವನ ಪ್ರಕಾರ ಇಲ್ಲಿಯ ಅರಸನಿಗೆ ಮೂವತ್ತು ಯುದ್ಧನೌಕೆಗಳಿದ್ದುವು. ಈ ತೀರದಲ್ಲಿ ಹಾದುಹೋಗುವ ಯಾವ ಹಡಗೇ ಆಗಲಿ, ಇಲ್ಲಿ ನಿಂತು ಅರಸನಿಗೆ ಕಾಣಿಕೆ ಒಪ್ಪಿಸಿಯೇ ಮುಂದೆ ಹೋಗಬೇಕು. ‘ಬಂದರಿನ ಹಕ್ಕು’ ಎಂದು ಅದಕ್ಕೆ ಹೆಸರು. ನಿಲ್ಲದೆ ಹೋದವರನ್ನು ಬೆನ್ನಟ್ಟಿ ಹಿಡಿದು ತಂದು ಇಮ್ಮಡಿ ವಸೂಲು ಮಾಡುತ್ತಿದ್ದರಂತೆ. ಇದನ್ನು ಕೇಳಿದ ನಮ್ಮ ಕಿರಿಯ ಮಗನು, ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಬೆಳಿಗ್ಗೆ ತೆತ್ತ ಹಣವನ್ನು ನೆನಪಿಸಿಕೊಂಡು, “ಆಗಲೂ ಹೀಗೆಯೇ ಏನಪ್ಪ?” ಎಂದನು. ಒಂದು ವ್ಯತ್ಯಾಸವಿದೆ. ಅಂದು ನಿಲ್ಲದೆ ಮುಂದೆ ಹೋಗುವುದು ಅಪರಾಧವಾಗಿತ್ತು. ಇಂದು ಬಾರಕೂರನ್ನು ಕಂಡೂ ಕಾಣದಂತೆ ಸಾವಿರಾರು ಗಾಡಿಗಳು ಬ್ರಹ್ಮಾವರದಿಂದಲೇ ಮುಂದಕ್ಕೆ ಓಡುತ್ತವೆ.

ದಾರಿ ಕೇಳಲು ಹೋದ ಮನೆಯೊಂದರಲ್ಲಿ ವೃದ್ಧೆಯೊಬ್ಬರು, “ಬಿಸಿಲಲ್ಲಿ ಬಂದಿದ್ದೀರಿ, ಒಳಗೆ ಬನ್ನಿ” ಎಂದು ಕರೆದು, ಕೇಳುವ ಮೊದಲೇ ಬೆಲ್ಲ ಮತ್ತು ನೀರು ತಂದಿಟ್ಟರು. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿ, ಅದು ಯಾವುದೋ ಹಳೆಯ ಗುಡಿಯದೆಂದು ಹೇಳುತ್ತಾ, “ನಾವು ಹುಟ್ಟುವ ಮೊದಲೇ ಇಲ್ಲಿಗೆ ಬಂದದ್ದು, ಮಗಾ, ನಮಗೆ ತಪ್ಪು ಹೇಳಬೇಡಿ” ಎಂದು ನಕ್ಕರು. ತಪ್ಪು ಹೇಳುವುದು ಯಾರಿಗೆ? ಒಂದು ಪಟ್ಟಣದ ಕಲ್ಲು ಆರು ನೂರು ವರ್ಷಗಳಲ್ಲಿ ಮೆಟ್ಟಿಲಾಗಿ, ಬಾವಿಕಟ್ಟೆಯಾಗಿ, ಒಗೆಯುವ ಕಲ್ಲಾಗಿ ಹಂಚಿಹೋಗುವುದು ಸಹಜ. ಆದರೆ ಅಕ್ಷರವಿರುವ ಕಲ್ಲುಗಳು ಬಯಲಲ್ಲಿ ಮಳೆಗೆ ಸವೆಯುತ್ತಿರುವುದು ಸಹಿಸತಕ್ಕದ್ದಲ್ಲ. ಸವೆದ ಅಕ್ಷರ ಮತ್ತೆ ಬಾರದು.

ಬಸರೂರಿನ ಅಕ್ಕಿ

ಶಿವರಾಮ ಕಾರಂತರ ಹುಟ್ಟೂರಾದ ಕೋಟವನ್ನು ಹಾದು ಕುಂದಾಪುರ ತಲುಪಿದಾಗ ಸಂಜೆಯಾಗಿತ್ತು. ಮರುದಿನ ಬೆಳಿಗ್ಗೆ ಬಸರೂರಿಗೆ ಹೊರಟೆವು. ಕುಂದಾಪುರದ ಸೇತುವೆಗೆ ಮುಂಚೆ, ‘ಬಸರೂರು ಮೂರುಕೈ’ ಎಂಬಲ್ಲಿ ಬಲಕ್ಕೆ ತಿರುಗಬೇಕು. ವಾರಾಹಿ ನದಿ ಇಲ್ಲಿ ಕೆರೆಯಂತೆ ನಿಶ್ಚಲ. ನಡುವೆ ಕುದ್ರುಗಳು, ಅವುಗಳಲ್ಲಿ ತೆಂಗು.

ಪೋರ್ಚುಗೀಸರು ‘ಬಾರ್ಸೆಲೋರ್’ ಎಂದು ಕರೆದ ಊರಿದು. ಇದು ಅರಸರ ಊರಲ್ಲ, ಸೆಟ್ಟರ ಊರು; ಅದೇ ಇದರ ವಿಶೇಷ. ಮೂಡುಕೇರಿ, ಪಡುವಕೇರಿ ಎಂಬ ಎರಡು ಕೇರಿಗಳ ‘ಹಲರು’, ‘ಸೆಟ್ಟಿಕಾರರು’ ಎಂಬ ಸಂಘಗಳು ಊರಿನ ವ್ಯವಹಾರವನ್ನು ನಡೆಸುತ್ತಿದ್ದುವೆಂದು ಶಾಸನಗಳಿಂದ ತಿಳಿಯುತ್ತದೆ. ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ ಎಂಬ ಇನ್ನೊಂದು ಮಾತು ಬರುತ್ತದೆ. ಅದು ಪಾರಸೀ ಭಾಷೆಯ ‘ಅಂಜುಮನ್’. ಪರದೇಶದ ವರ್ತಕರ ಕೂಟ. ಕಡಲಾಚೆಯ ಮಾತೊಂದು ಕನ್ನಡದ ಕಲ್ಲಿನ ಮೇಲೆ ಕನ್ನಡದ ಉಚ್ಚಾರದಲ್ಲಿಯೇ ನೆಲೆಯೂರಿತೆಂದರೆ, ಆಡಿದವರು ಇಲ್ಲಿ ಅತಿಥಿಗಳಾಗಿ ಉಳಿದಿರಲಿಲ್ಲವೆಂದೇ ಅರ್ಥ.

ಬಸರೂರಿನ ಬಲ ಅಕ್ಕಿ. ಗೋವೆಯ ಪೋರ್ಚುಗೀಸರು ಉಣ್ಣಬೇಕಾದರೆ ಇಲ್ಲಿಯ ಅಕ್ಕಿ ಬೇಕು. ಹೊರ್ಮುಜಿನ ಕೋಟೆಗೂ ಇಲ್ಲಿಯದೇ ಅಕ್ಕಿ. ಕೊಂಡು ತಿನ್ನುವುದಕ್ಕಿಂತ ಊರನ್ನೇ ಹಿಡಿಯುವುದು ಲಾಭವೆಂದು ಅವರು 1569ರಲ್ಲಿ ಇಲ್ಲಿ ಕಾಲೂರಿ ಕೋಟೆ ಕಟ್ಟಿದರು. ಮುಂದೆ ಕೆಳದಿಯ ಶಿವಪ್ಪ ನಾಯಕನು ಅವರನ್ನು ಹೊರಗಟ್ಟಿದನು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜನು ಮಾಲವಣದಿಂದ ಎಂಬತ್ತೈದು ನೌಕೆಗಳೊಡನೆ ತಾನೇ ಹಡಗೇರಿ ಬಂದು, ಬಸರೂರಿನ ಮೇಲೆ ಅನಿರೀಕ್ಷಿತವಾಗಿ ಎರಗಿ, ಅಪಾರವಾದ ಸೊತ್ತನ್ನು ಹೊತ್ತು ಮರಳಿದನು. ದಾರಿಯಲ್ಲಿ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ, ಅಂಕೋಲೆಯ ಮೂಲಕ ಕಾರವಾರಕ್ಕೆ ಬಂದನೆಂದು ಅಲ್ಲಿದ್ದ ಇಂಗ್ಲಿಷ್ ವರ್ತಕರು ಬರೆದಿಟ್ಟಿದ್ದಾರೆ. ಅವರೂ ತಮ್ಮ ಪಾಲಿನ ಕಪ್ಪವಾಗಿ 112 ಪೌಂಡು ತೆರಬೇಕಾಯಿತು.

ಮಹಾಲಿಂಗೇಶ್ವರನ ಗುಡಿಯ ಸುತ್ತಲಿನ ಓಣಿಗಳಲ್ಲಿ ಸುತ್ತಾಡಿದೆವು. ಊರು ಹಾಳಾಗಿಲ್ಲ, ವೃದ್ಧಾಪ್ಯದಲ್ಲಿ ಮಕ್ಕಳ ಮನೆಯಲ್ಲಿ ನೆಮ್ಮದಿಯಾಗಿರುವ ಹಿರಿಯರಂತೆ ಇದೆ. ಹೊಳೆಯ ದಡದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಐದು ಹೊಳೆಗಳು ಕೂಡುವ ಗಂಗೊಳ್ಳಿಯ ಅಳಿವೆ ಕಾಣುವುದಿಲ್ಲ. ಹಡಗಿನವರಿಗೂ ಅಳಿವೆಯಿಂದ ಈ ಊರು ಕಾಣುತ್ತಿರಲಿಲ್ಲ. ಅದೇ ಇದರ ರಕ್ಷಣೆಯಾಗಿತ್ತು.

ಭಟ್ಕಳದ ಕಲ್ಲುಮಾಡು

ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಚಿತ್ರದಲ್ಲಿ ಎಷ್ಟು ಸಲ ಕಂಡಿದ್ದರೂ ಕಣ್ಣಾರೆ ಕಂಡಾಗ ಮನಸ್ಸು ಹಿಗ್ಗುತ್ತದೆ. ಕಡಲ್ಕೊರೆತಕ್ಕೆ ಅಡ್ಡವಾಗಿ ಸುರಿದ ಕಪ್ಪು ಬಂಡೆಗಳು ಮಾತ್ರ ಆ ಸೊಬಗಿಗೆ ಈಗ ಎಷ್ಟು ಬೆಲೆ ತೆರಬೇಕಾಗಿದೆಯೆಂಬುದನ್ನು ತಿಳಿಸುತ್ತವೆ.

ಭಟ್ಕಳದಲ್ಲಿ ಹೆದ್ದಾರಿ ಊರಿನ ಮಧ್ಯದಲ್ಲೇ ಹಾದುಹೋಗುತ್ತದೆ; ಆದರೆ ನೋಡಬೇಕಾದದ್ದು ಶರಾಬಿ ಹೊಳೆಯ ಕಡೆಯ ಮೂಡಭಟ್ಕಳ. ವಿಜಯನಗರದ ಸೈನ್ಯಕ್ಕೆ ಅರಬ್ಬೀ ಕುದುರೆಗಳು ಇಳಿದ ಬಂದರುಗಳಲ್ಲಿ ಇದೊಂದು. ವಾಸ್ಕೋ ಡ ಗಾಮನು 1502ರಲ್ಲಿ ಇದರ ಮೇಲೆ ದಾಳಿಯಿಟ್ಟನು. 1542ರಲ್ಲಿ ಇನ್ನೊಬ್ಬ ಪೋರ್ಚುಗೀಸ್ ಅಧಿಪತಿ ಊರನ್ನು ಸುಟ್ಟನು. ಅದೇ ಶತಮಾನದಲ್ಲಿ ಇಲ್ಲಿ ಖೇತಪೈ ನಾರಾಯಣ ದೇವಾಲಯವೂ ಎದ್ದಿತೆಂದರೆ ಈ ವರ್ತಕರ ಎದೆಗಾರಿಕೆಗೆ ಏನು ಹೇಳೋಣ! ಸಣ್ಣ ಗುಡಿ. ಮಾಡಿಗೆ ಹಾಸಿದ ಕಲ್ಲಿನ ಚಪ್ಪಡಿಗಳು ಹುಲ್ಲುಮಾಡಿನಂತೆ ಇಳಿಜಾರು. ಗೋಡೆಗೆ ಮರದ ಜಾಲಂಧ್ರದಂತೆ ಕೊರೆದ ಕಲ್ಲು. ಅದರ ಕೆಳಗೆ ರಾಮಾಯಣದ ಸಾಲು. ನೂರಾರು ಅಂಗುಲ ಮಳೆ ಸುರಿಯುವ ಸೀಮೆಯ ಬಡಗಿಯ ಬುದ್ಧಿ ಶಿಲ್ಪಿಯ ಕೈಗೆ ಬಂದಂತಿದೆ. ಒಂದೆರಡು ಮೈಲಿಯ ಒಳಗೆ ಚಂದ್ರನಾಥನ ಬಸದಿಯೂ ನವಾಯತರ ಹಳೆಯ ಮಸೀದಿಗಳೂ ಇವೆ. ನವಾಯತರ ಮನೆಮಾತು ಕೊಂಕಣಿಗೆ ಹತ್ತಿರದ್ದು. ಅದರಲ್ಲಿ ಅರಬ್ಬೀ, ಪಾರಸೀ ಪದಗಳು ಸಮೃದ್ಧವಾಗಿವೆ. ಬಂದರು ಸೊರಗಿದರೂ ಬಂದರಿನ ಮಾತು ಮನೆಯೊಳಗೆ ಬದುಕಿದೆ.

ಮುರುಡೇಶ್ವರದಲ್ಲಿ 123 ಅಡಿಯ ಶಿವನನ್ನು ಮಕ್ಕಳು ಬಾಯಿತೆರೆದು ನೋಡಿದರು. ಜನಜಂಗುಳಿ ವಿಪರೀತ, ಮುಂದೆ ಸಾಗಿದೆವು.

ಮೆಣಸಿನ ರಾಣಿಯ ಊರಿನಲ್ಲಿ

ಹೊನ್ನಾವರದಲ್ಲಿ ಶರಾವತಿಯ ಅಗಲ ಕಂಡು ಮಗಳು, “ಇದು ಹೊಳೆಯೋ ಕಡಲೋ?” ಎಂದಳು. ಕೊಂಕಣ ರೈಲ್ವೆಯ ಅತ್ಯಂತ ಉದ್ದದ ಸೇತುವೆ ಇಲ್ಲಿಯೇ ಇರುವುದು. ಎರಡು ಕಿಲೋಮೀಟರಿಗೂ ಮಿಕ್ಕಿದೆ. ಇಬ್ನ್ ಬತೂತನು ಈ ಊರಿನಲ್ಲಿ ತಿಂಗಳುಗಟ್ಟಲೆ ಉಳಿದಿದ್ದನು. ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಶಾಲೆಗಳನ್ನು ಇಲ್ಲಿ ಕಂಡೆನೆಂದು ಬರೆದಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಹುಡುಗಿಯರಿಗೆ ಹದಿಮೂರು ಶಾಲೆ! ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರಿಯ ಅನ್ನವನ್ನೇ ಉಂಡೆನೆಂದು ಗೊಣಗಿದ್ದಾನೆ, ಪಾಪ. ಬಯಲುಸೀಮೆಯಿಂದ ಇಲ್ಲಿಗೆ ವರ್ಗವಾಗಿ ಬಂದ ನಮ್ಮ ಮಿತ್ರರೊಬ್ಬರ ಗೊಣಗಾಟವೂ ಇದೇ.

ಇಲ್ಲಿ ಸೇತುವೆಯನ್ನು ದಾಟಿದ ಮೇಲೆ ಬಲಕ್ಕೆ ತಿರುಗಬೇಕು. ಜೋಗದ ದಾರಿಯಲ್ಲಿ, ಹೊಳೆಯನ್ನು ಬಿಡದೆ ಹೋದರೆ, ಘಟ್ಟದ ಬುಡದಲ್ಲಿ ಗೇರುಸೊಪ್ಪೆ. ಹೊಳೆಯಾಚೆಯ ಕಾಡಿನಲ್ಲಿ ನಗರಬಸ್ತಿಕೇರಿ. ಹೆಸರಿನಲ್ಲಿ ನಗರವೂ ಇದೆ, ಬಸದಿಯೂ ಇದೆ, ಕೇರಿಯೂ ಇದೆ. ನೆಲದ ಮೇಲೆ ಈಗ ಬಸದಿಗಳು ಮಾತ್ರ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿಯ ಒಳಗೆ ನಾಲ್ವರು ಜಿನರು ಬೆನ್ನಿಗೆ ಬೆನ್ನು ಕೊಟ್ಟು ಕಾಡನ್ನು ನೋಡುತ್ತ ಕುಳಿತಿದ್ದಾರೆ. ಮೇಲೆ ಶಿಖರವಿಲ್ಲ. ಸುತ್ತ ಹಕ್ಕಿಗಳ ಧ್ವನಿ ಬಿಟ್ಟರೆ ಬೇರೆ ಸದ್ದಿಲ್ಲ.

ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ, ಇಲ್ಲಿಂದ ಆಳಿದಳೆಂದು ಇತಿಹಾಸಕಾರರ ಲೆಕ್ಕ. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸೆಲ್ಲ ಇವಳ ಸುಂಕದ ಕಟ್ಟೆಯನ್ನು ದಾಟಿ ದೋಣಿಯೇರಿ ಹೊನ್ನಾವರಕ್ಕೆ ಇಳಿಯಬೇಕಾಗಿತ್ತು. ಹೊಳೆ ಅವಳ ಕೈಯಲ್ಲಿದ್ದುದರಿಂದ ಬೆಲೆಯೂ ಅವಳ ಕೈಯಲ್ಲಿತ್ತು. ಕೊನೆಗೆ ಕೆಳದಿಯ ನಾಯಕರಿಗೆ ಸೋತು ಸೆರೆಯಲ್ಲಿ ಮಡಿದಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ದೋಣಿಯಲ್ಲಿ ಇಲ್ಲಿಗೆ ಬಂದಾಗ ನಗರವೂ ಅರಮನೆಯೂ ಬಿದ್ದುಹೋಗಿ, ಮರಗಿಡ ಬೆಳೆದು, ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದುವು. ಹದಿನೇಳೇ ವರ್ಷಗಳಲ್ಲಿ! ಹೊಯಿಗೆ ಒಂದು ಬಂದರನ್ನು ಕೊಲ್ಲಲು ನೂರಾರು ವರ್ಷ ತೆಗೆದುಕೊಳ್ಳುತ್ತದೆ; ಯುದ್ಧಕ್ಕೆ ಅಷ್ಟು ತಾಳ್ಮೆಯಿಲ್ಲ. ಇದೇ ದೆಲ್ಲಾ ವಾಲ್ಲೆ ಮುಂದೆ ಮಂಗಳೂರಿನ ಬಳಿ ಉಳ್ಳಾಲದ ರಾಣಿಯನ್ನೂ ಕಂಡನು. ಬರಿಗಾಲಿನಲ್ಲಿ ನಡೆದು ಬಂದು, ನೆಲ ಅಗೆಯುವ ಕೆಲಸವನ್ನು ತಾನೇ ನಿಂತು ನೋಡಿಕೊಳ್ಳುತ್ತಿದ್ದ ಆಕೆಯನ್ನು ಕಂಡು ಅವನು ಬೆರಗಾದನು.

ಕುಮಟೆಯಲ್ಲಿ ಬೆಳೆಯದ ‘ಕುಮಟಾ ಹತ್ತಿ’

ಮೂರನೆಯ ದಿನ ಕುಮಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಮಾರುಕಟ್ಟೆಯವರೆಗೆ ‘ಕುಮಟಾ ಹತ್ತಿ’ ಪ್ರಸಿದ್ಧವಾಗಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ! ಧಾರವಾಡದ ಕರಿಯ ನೆಲದ ಹತ್ತಿ ಎತ್ತುಗಳ ಮೇಲೆ ದೇವಿಮನೆ ಘಟ್ಟ ಇಳಿದು, ಇಲ್ಲಿ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಹಡಗೇರಿದ ಊರಿನ ಹೆಸರೇ ಅದಕ್ಕೆ ಅಂಟಿತು. ಈ ಹತ್ತಿಗೆ ಇನ್ನೂ ಒಳ್ಳೆಯ ಬಂದರು ಬೇಕೆಂಬ ಒತ್ತಾಯದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರ ಜಿಲ್ಲೆಯ ಮುಖ್ಯಪಟ್ಟಣವಾಗಿ ಬೆಳೆದದ್ದು ಹೀಗೆ. ಬಂದರಿಗೆ ಬೇಕಾದ ರೈಲುದಾರಿ ಮಾತ್ರ ಬಾರದೆ, ಗೋವೆಯ ಮುರಗಾಂವಿಗೆ ಹೋಯಿತು. ಹತ್ತಿಯೂ ಅದರ ಹಿಂದೆಯೇ ಹೋಯಿತು. ಕಾರವಾರದ ಕಡೆಗೆ ರೈಲು ಬಂದದ್ದು ಕೊಂಕಣ ರೈಲ್ವೆಯ ಕಾಲಕ್ಕೆ. ಆ ಹಾದಿ ಪೂರ್ತಿಯಾಗಿ ತೆರೆದದ್ದು 1998ರಲ್ಲಿ.

ಮುಂದೆ ಅಘನಾಶಿನಿ. ಈ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಹೊಳೆ. ಇದಕ್ಕೆ ಅಣೆಕಟ್ಟಿಲ್ಲ. ದಡದ ಮಿರ್ಜಾನ್ ಕೋಟೆಯನ್ನೂ ಮೆಣಸಿನ ರಾಣಿಯ ಹೆಸರಿನೊಡನೆಯೇ ಹೇಳುತ್ತಾರೆ. ಚಿರೆಕಲ್ಲಿನ ಗೋಡೆಗಳ ಮೇಲೆ ಪಾಚಿ, ಒಳಗೆ ಆಳವಾದ ಬಾವಿಗಳು. ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನೂ ತಾಳುವ ‘ಕಗ್ಗ’ವೆಂಬ ಬತ್ತವನ್ನು ಇನ್ನೂ ಕೆಲವರು ಬೆಳೆಯುತ್ತಾರೆ, ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ, ಇಳಿತದ ಹೊತ್ತಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವ ಹೆಂಗಸರು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇತ್ತ ಹೊನ್ನಾವರದ ಕಾಸರಕೋಡಿನಲ್ಲಿ, ಕಡಲಾಮೆಗಳು ಮೊಟ್ಟೆಯಿಡುವ ಮರಳಿನ ಮೇಲೆ, ಹೊಸ ಬಂದರೊಂದರ ಯೋಜನೆ ಹೊರಟು ಮೀನುಗಾರರು ಅದನ್ನು ವಿರೋಧಿಸಿ ನಿಂತರು. ಬಂದರುಗಳು ಈ ತೀರಕ್ಕೆ ಹೊಸವಲ್ಲ. ಆದರೆ ಹಳೆಯವು ಹೊಳೆಯ ಅಳತೆಗೆ ತಮ್ಮನ್ನು ಒಗ್ಗಿಸಿಕೊಂಡಿದ್ದುವು. ಹೊಸವು ಹೊಳೆಯನ್ನೇ ತಮ್ಮ ಅಳತೆಗೆ ಒಗ್ಗಿಸಲು ಹೊರಡುತ್ತವೆ. ದಡದಲ್ಲಿ ಬದುಕುವವರಿಗೆ ಈ ವ್ಯತ್ಯಾಸ ನಮಗಿಂತ ಮೊದಲು ತಿಳಿಯುತ್ತದೆ.

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿ, ಗಂಗಾವಳಿಯನ್ನು ದಾಟಿ ಅಂಕೋಲೆಯ ಕಡೆಗೆ ಹೊರಟೆವು. 1930ರಲ್ಲಿ ಉಪ್ಪಿನ ಸತ್ಯಾಗ್ರಹದಿಂದ ಕರ್ನಾಟಕಕ್ಕೆಲ್ಲ ಮೇಲ್ಪಂಕ್ತಿಯಾದ ಊರದು. ಅದಕ್ಕೆ ಮುಂಚೆ ಶಿರೂರು. 2024ರ ಜುಲೈ 16ರಂದು ಹೆದ್ದಾರಿಯ ಮಗ್ಗುಲಿನ ಗುಡ್ಡ ಜರಿದು, ಚಹದಂಗಡಿಯೊಂದನ್ನೂ ವಾಹನಗಳನ್ನೂ ಮನುಷ್ಯರನ್ನೂ ಗಂಗಾವಳಿಗೆ ತಳ್ಳಿದ್ದು ಇಲ್ಲಿಯೇ. ಎದ್ದ ಅಲೆ ಆಚೆಯ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಗುಡ್ಡದ ಕೆಂಪು ಗಾಯವನ್ನು ಕಂಡು ಮೋಟಾರಿನಲ್ಲಿ ಯಾರೂ ಮಾತಾಡಲಿಲ್ಲ. ಮೂರು ವಾರಗಳ ಮೇಲೆ, ಆಗಸ್ಟ್ 7ರ ಅಪರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು, ಚಾಲಕನು ಬದುಕಿದನು. ಕುಸಿದ ಆ ಸೇತುವೆಗೆ ನಾಲ್ಕು ದಶಕಗಳ ವಯಸ್ಸು. ಮರದ ದೋಣಿಗಳೇ ಅದಕ್ಕಿಂತ ದೀರ್ಘಾಯುಗಳಾಗಿದ್ದುವೆಂದು ಕಾರವಾರದ ಹಿರಿಯರೊಬ್ಬರು ಹೇಳಿದರು. ಅದು ಹಾಸ್ಯವೋ ಅಲ್ಲವೋ ತಿಳಿಯಲಿಲ್ಲ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಇಪ್ಪತ್ತರ ಹರೆಯದಲ್ಲಿ ಬಂದಿದ್ದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದದ್ದು ಇಲ್ಲಿಯೇ. ಒಂದು ದಿನ ದೋಣಿಯಲ್ಲಿ ಕಾಳಿ ನದಿಯ ಮೇಲ್ಭಾಗಕ್ಕೆ ಹೋಗಿ, ಬೆಟ್ಟದ ಕೋಟೆಯನ್ನು ನೋಡಿ, ರೈತನೊಬ್ಬನ ಅಂಗಳದಲ್ಲಿ ಕುಳಿತು ಉಂಡು, ಬೆಳದಿಂಗಳಿನಲ್ಲಿ ಅಳಿವೆಗೆ ಮರಳಿ, ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಅವರು ದೋಣಿಯಲ್ಲಿ ಹೋದ ಆ ಹೊಳೆಯ ಮೇಲೆಯೇ, ಪಟ್ಟಣದಿಂದ ಮೂರು ಮೈಲಿ ಒಳಗೆ, ಹಳೆಯ ಕಾರವಾರವೂ ಕಡವಾಡವೂ ಇರುವುದು. ಇಂಗ್ಲಿಷ್ ವರ್ತಕರ ಕೋಠಿ ಇದ್ದದ್ದು ಅಲ್ಲಿ. ‘ಕಡವಾಡ’ವೆಂಬ ಹೆಸರೇ ‘ಕಾರವಾರ’ವಾಯಿತೆಂದು ಹೇಳುತ್ತಾರೆ. ಕಡಲತೀರದಲ್ಲಿ ಸೂರ್ಯಾಸ್ತ ನೋಡಲು ನೆರೆಯುವವರಲ್ಲಿ ಅಲ್ಲಿಗೆ ಹೋಗುವವರು ವಿರಳ. ನಾಲ್ಕು ಗಂಟೆಗೆ ಹೊರಟರೆ ಕಡವಾಡವನ್ನು ನೋಡಿಕೊಂಡು ಸೂರ್ಯಾಸ್ತದ ಹೊತ್ತಿಗೆ ಮರಳಬಹುದು. ನಾವು ಹಾಗೆಯೇ ಮಾಡಿದೆವು.